ಹಳೇ ಮನೆ ಗೋಡೆಗೆ ಸುಣ್ಣದ ಗಾರೆ: ಕೆಲವು ಮಳೆಗಾಲ ಕಳೆದ್ಮೇಲೆ ಬರೀತಿರೋ ರಿವ್ಯೂ

ಗೋಡೆ ಉದುರ್ತಿಲ್ಲ. ಇದನ್ನ ಹೇಳೋಕೇ ಬರೀತಿದೀನಿ. ಮೈಸೂರು ಅಗ್ರಹಾರದಲ್ಲಿ ನಮ್ಮ ಯಜಮಾನ್ರ ತಾತನ ಕಾಲದ ಮನೆ, ಇಟ್ಟಿಗೆ ಸುಣ್ಣದ ಗೋಡೆ, ಮದ್ರಾಸ್ ತಾರಸಿ, ಅಂದ್ರೆ ಮರದ ತೊಲೆ ಮೇಲೆ ಇಟ್ಟಿಗೆ ಸುಣ್ಣ ಹಾಕಿದ ಛಾವಣಿ. ನಡುಮನೆಯಿಂದ ಬಚ್ಚಲಿಗೆ ಹೋಗೋ ಕಡೆ ಗೋಡೆ ಪ್ರತಿ ಮಳೆಗಾಲ ಮೊಣಕಾಲೆತ್ತರಕ್ಕೆ ಉಪ್ಪು ಬಿಟ್ಕೊಂಡು ಪೇಂಟೆಲ್ಲ ಚಕ್ಕೆ ಏಳ್ತಿತ್ತು, ಬೆಳಿಗ್ಗೆ ಗುಡಿಸಿದ್ರೆ ಸಂಜೆಗೆ ಮತ್ತೆ ಪುಡಿ. ಹಿಂದೆ ಒಬ್ರು ಕಂಟ್ರಾಕ್ಟರು ಸಿಮೆಂಟ್ ಪ್ಲಾಸ್ಟ್ರಿಂಗ್ ಮಾಡಿ ಮೇಲೆ ವಾಟರ್‌ಪ್ರೂಫ್ ಪೇಂಟ್ ಹೊಡ್ಸಿ ದುಡ್ಡು ಇಸ್ಕೊಂಡು ಹೋದ್ರು, ಆಮೇಲೆ ಉಪ್ಪು ಸೊಂಟದ ತನಕ ಏರ್ತು. ಇಂಥ ಹಳೇ ಗೋಡೆಗಳಿಗೆ ತಳದಲ್ಲಿ ತೇವ ತಡಿಯೋ ಪದರ ಇರಲ್ಲ, ನೆಲದ ತೇವ ಇಟ್ಟಿಗೆ ಹಿಡ್ಕೊಂಡು ಮೇಲೇರ್ತಾನೇ ಇರುತ್ತೆ, ಅದು ಎಲ್ಲಾದ್ರೂ ಆರ್ಬೇಕು. ಸಿಮೆಂಟು, ಪೇಂಟು ಎರಡೂ ಸೇರಿ ದಾರಿ ಮುಚ್ಚಿದ್ರೆ ಇನ್ನೂ ಮೇಲಕ್ಕೆ ಹೋಗಿ ಅಲ್ಲಿ ಒಡ್ಕೊಂಡು ಬರುತ್ತೆ. ಸುಣ್ಣದ ಗಾರೆ ಆ ತೇವನ ಹೊರಗೆ ಬಿಡುತ್ತೆ.

ಚೀಲದಲ್ಲಿ ಸಿಗೋ ಪುಡಿ ಸುಣ್ಣ ತರ್ಲಿಲ್ಲ, ಅಂಗಡಿಲಿ ಎಷ್ಟು ದಿನ ಗಾಳಿ ಕುಡ್ಕೊಂಡು ಕೂತಿತ್ತೋ ಏನೋ, ಗಾಳಿ ತಗೊಂಡ ಸುಣ್ಣ ಆಮೇಲೆ ಹಿಡಿಯಲ್ಲ. ಸುಟ್ಟ ಸುಣ್ಣದ ಕಲ್ಲೇ ತರ್ಸಿ ಮೇಸ್ತ್ರಿ ಹಿತ್ಲಲ್ಲಿ ನೀರು ಹಾಕಿ ಅರಳಿಸಿದ್ರು. ನೀರು ಕೊತಕೊತ ಕುದಿಯುತ್ತೆ ಕಣ್ರೀ, ಮಕ್ಳನ್ನ ಹತ್ರ ಬಿಡ್ಬೇಡಿ, ಕಣ್ಣಿಗೆ ಕನ್ನಡಕ ಕೈಗೆ ಗ್ಲೌಸ್ ಬೇಕೇ ಬೇಕು. ಸೋಸಿ ಡ್ರಮ್ಮಿಗೆ ಹಾಕಿ ಮೇಲೆ ನೀರು ನಿಲ್ಸಿ ವಾರಗಟ್ಲೆ ಬಿಟ್ರೆ ಬೆಣ್ಣೆ ಥರ ಆಗುತ್ತೆ. ಅದಕ್ಕೆ ಒಂದಕ್ಕೆ ಮೂರು ಮರಳು, ಬಚ್ಚಲ ಪಕ್ಕಕ್ಕೆ ಮಾತ್ರ ಮರಳಿನ ಜೊತೆ ಸುರ್ಕಿ, ಅಂದ್ರೆ ಇಟ್ಟಿಗೆ ಪುಡಿ. ಅದು ಸೇರಿದ್ರೆ ಒದ್ದೆ ಜಾಗದಲ್ಲೂ ಗಟ್ಟಿಯಾಗುತ್ತೆ. ಪಕ್ಕದ್ಮನೆ ಅಂಕಲ್ಲು "ಸುಣ್ಣ ನೀರಿಗೆ ನಿಲ್ಲುತ್ತೇನಮ್ಮಾ" ಅಂದ್ರು. 1911ರಲ್ಲಿ ಶುರು ಮಾಡಿದ ಕನ್ನಂಬಾಡಿ ಕಟ್ಟೆನೇ ಸುರ್ಕಿ ಗಾರೆಲಿ ನಿಂತಿದೆ ಅಂಕಲ್ ಅಂದೆ.

ಇನ್ನೊಂದು ಬೆಲ್ಲ, ಅಳಲೆಕಾಯಿ. ಎರಡನ್ನೂ ನೀರಲ್ಲಿ ನೆನೆಹಾಕಿ ಕೆಲವು ದಿನ ಹುಳಿ ಬರೋಕೆ ಬಿಟ್ಟು ಆ ನೀರಲ್ಲೇ ಗಾರೆ ಕಲಸೋದು. "ಅಮ್ಮಾ, ಬೆಳ್ಳಗಿರೋ ಬೆಲ್ಲ ತರ್ಬೇಡಿ, ಕೆಮಿಕಲ್ ಹಾಕದೇ ಇರೋ ಕಪ್ಪು ಬೆಲ್ಲನೇ ಬೇಕು" ಅಂದ್ರು ಮೇಸ್ತ್ರಿ, ಅದಕ್ಕೆ ಪಾಂಡವಪುರದ ಹತ್ರ ನಮ್ಮ ಅತ್ತಿಗೆ ಊರಿನ ಆಲೆಮನೆಯಿಂದ ತರ್ಸಿದ್ವಿ. ಗೋಡೆಗೆ ಇರುವೆ ಹತ್ತುತ್ತೆ ಅಂತ ಎಲ್ರೂ ಹೆದರ್ಸಿದ್ರು, ಇವತ್ತಿನವರೆಗೂ ಹತ್ತಿಲ್ಲ.

ಈಗ ಕೋಪ ಬಂದಿದ್ದು ಹೇಳ್ತೀನಿ. ಟೈಮು! ಒಂದು ಕೋಟು ಗಟ್ಟಿಯಾಗದೆ ಇನ್ನೊಂದು ಹಾಕೋ ಹಾಗಿಲ್ಲ, ಆ ಗ್ಯಾಪಲ್ಲಿ ಮೇಸ್ತ್ರಿ ಬೇರೆ ಸೈಟಲ್ಲಿ ಮೋಲ್ಡಿಂಗ್ ಕೆಲ್ಸಕ್ಕೆ ಹೋಗ್ಬಿಡೋರು, ಫೋನ್ ಎತ್ತಲ್ಲ, ನಾವು ಧೂಳಲ್ಲಿ ಅಡುಗೆ ಮಾಡ್ಕೊಂಡು ಕೂರ್ಬೇಕು. ಸುಣ್ಣದ ಕೆಲ್ಸ ಗೊತ್ತಿರೋರು ಇನ್ನೊಬ್ರು ಸಿಗ್ಲೂ ಇಲ್ಲ. ದುಡ್ಡೂ ಸಿಮೆಂಟಿಗಿಂತ ಡಬಲ್‌ಗೆ ಮೇಲೆ ಬಿತ್ತು, ಅದ್ರಲ್ಲಿ ಸಾಮಾನಿಗಿಂತ ಕೂಲಿನೇ ಹೆಚ್ಚು. ನಮ್ಮ ಬಜೆಟ್ಟಿಗೆ ಆ ಒಂದು ಗೋಡೆ, ಅಡುಗೆಮನೆ ಒಂದು ಸೈಡು ಅಷ್ಟೇ ಆಗಿದ್ದು. ಮೊಳೆ ಹೊಡೆದ್ರೆ ಪುಡಿ ಉದುರುತ್ತೆ, ಡ್ರಿಲ್ ಮಾಡಿ ಪ್ಲಗ್ ಹಾಕ್ಬೇಕು. ಕಪ್ಪು ಸೀರೆ ಉಟ್ಕೊಂಡು ಒರಗಿದ್ರೆ ಬಿಳೀ ಮಾರ್ಕು ಗ್ಯಾರಂಟಿ.

ಆದ್ರೂ ದಿನಾ ಎರಡು ಹೊತ್ತು ಗೋಡೆಗೆ ನೀರು ಚಿಮುಕಿಸ್ತಿದ್ದ ದಿನಗಳು ನಂಗೆ ತುಂಬಾ ಇಷ್ಟವಾಗಿತ್ತು. ಕಾಫಿ ಡಿಕಾಕ್ಷನ್ ಇಳಿಯೋಕೆ ಇಟ್ಟು ಸ್ಪ್ರೇ ಕ್ಯಾನ್ ತಗೊಂಡು ಮೇಲಿಂದ ಕೆಳಗೆ ನಿಧಾನಕ್ಕೆ ಹೊಡೀತಾ ಬರೋದು, ಬಿಸಿಲು ಬೀಳೋ ಕಡೆ ಒದ್ದೆ ಗೋಣಿ ತಾಟು ಕಟ್ಟೋದು, ಅಷ್ಟರಲ್ಲಿ ಡಿಕಾಕ್ಷನ್ ಇಳ್ದಿರೋದು. ಉಳಿದ ಸುಣ್ಣ ಈಗ್ಲೂ ಡ್ರಮ್ಮಲ್ಲಿ ನೀರಿನ ಕೆಳಗಿದೆ, ಕೆಡಲ್ಲ. ಗೌರಿ ಹಬ್ಬಕ್ಕೆ ಮುಂಚೆ ಸ್ವಲ್ಪ ತೆಗ್ದು ತೆಳ್ಳಗೆ ಮಾಡಿ ನಾನೇ ಹೊಡೀತೀನಿ. ಬಳಿದಾಗ ಬರೀ ನೀರು ಹಚ್ಚಿದ ಹಾಗೆ ಕಾಣುತ್ತೆ, ಒಣಗ್ತಾ ಒಣಗ್ತಾ ಬೆಳ್ಳಗಾಗುತ್ತೆ, ಅದನ್ನ ನೋಡ್ಕೊಂಡು ನಿಂತ್ರೆ ಅಡುಗೆ ಲೇಟಾಗುತ್ತೆ. ಮೊದಲ ವರ್ಷ ಬಂದ ಕೂದಲೆಳೆ ಬಿರುಕುಗಳಲ್ಲಿ ಕೆಲವು ತಾವೇ ಮುಚ್ಕೊಂಡಿವೆ, ಸುಣ್ಣ ತೇವದಲ್ಲಿ ಸ್ವಲ್ಪ ಕರಗಿ ಬಿರುಕಲ್ಲಿ ಮತ್ತೆ ಕೂರುತ್ತಂತೆ. ಮಳೆಗಾಲದಲ್ಲಿ ಬರ್ತಿದ್ದ ಮುಗ್ಗಲು ವಾಸನೆ ಪೂರ್ತಿ ಹೋಗಿದೆ. ಕೆಳಗಡೆ ಗೋಡೆ ಸ್ವಲ್ಪ ಕಪ್ಪಗಾಗುತ್ತೆ ಮಳೆ ಜೋರಿದ್ದಾಗ, ಬಿಸಿಲು ಬಂದ್ರೆ ಆರುತ್ತೆ.

ಮಾಡ್ಸೋರು ಇದ್ರೆ ಪೈಪ್ ಲೀಕ್ ಇದ್ಯಾ ಮೊದ್ಲು ನೋಡಿಸಿ, ಲೀಕಿಗೆ ಸುಣ್ಣ ಏನೂ ಮಾಡಲ್ಲ. ಹಳೇ ಸಿಮೆಂಟನ್ನ ಇಟ್ಟಿಗೆ ಕಾಣೋ ತನಕ ಕೆತ್ತಿಸಿ. ಪೇಂಟರ್ ಬಂದು ಎಷ್ಟೇ ಹೇಳಿದ್ರೂ ಇದರ ಮೇಲೆ ಪುಟ್ಟಿ, ಪ್ಲಾಸ್ಟಿಕ್ ಪೇಂಟ್ ಹೊಡ್ಸಲೇಬೇಡಿ, ಮತ್ತೆ ದಾರಿ ಮುಚ್ಚಿದ ಹಾಗೇ ಆಗುತ್ತೆ. ದಸರಾ ಕಳೀಲಿ, ದುಡ್ಡು ಹೊಂದಿದ್ರೆ ಅಡುಗೆಮನೆ ಇನ್ನೊಂದು ಗೋಡೆನೂ ಮಾಡಿಸ್ತೀನಿ.