ಚಿಪ್ ಇರುವ ಕಾರ್ಡನ್ನು ಉಜ್ಜಲು ಕೊಡಬೇಡಿ

2018ರ ಗೌರಿ ಹಬ್ಬಕ್ಕೆ ಮುಂಚಿನ ವಾರ ತುಮಕೂರಿನ ಒಂದು ಬಟ್ಟೆ ಅಂಗಡಿಯಲ್ಲಿ ನಾನು ತೋರಿದ ಅಜಾಗರೂಕತೆಯಿಂದ ನಲವತ್ತು ಸಾವಿರ ರೂಪಾಯಿ ಕಳೆದುಕೊಂಡೆ. ಎಟಿಎಂ ಕಾರ್ಡಿನಲ್ಲಿ ಚಿಪ್ ಇದ್ದರೆ ಭಯವಿಲ್ಲ ಎಂದು ನಂಬಿದವರು ಈಗಲೂ ನನ್ನ ಪರಿಚಯದವರಲ್ಲಿ ಅನೇಕರಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಚಿಪ್ ಇಲ್ಲದೆ, ಮಾಹಿತಿ ತುಂಬಿದ ಕಪ್ಪು ಪಟ್ಟಿ (ಮ್ಯಾಗ್ನೆಟಿಕ್ ಸ್ಟ್ರೈಪ್) ಮಾತ್ರ ಬೆನ್ನ ಮೇಲಿರುವ ಹಳೆಯ ಕಾರ್ಡುಗಳನ್ನು ಆ ವರ್ಷದ ಡಿಸೆಂಬರ್ 31ರೊಳಗೆ ಬದಲಿಸಿಕೊಡಬೇಕೆಂದು ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೂ ಗಡುವು ಕೊಟ್ಟಿತ್ತು. ನಾನು ಮೊದಲೇ ಬದಲಿಸಿಕೊಂಡು ನಿಶ್ಚಿಂತನಾಗಿದ್ದೆ. ಕಪ್ಪು ಪಟ್ಟಿಯಲ್ಲಿರುವ ಮಾಹಿತಿ ಎಂದಿಗೂ ಬದಲಾಗುವುದಿಲ್ಲವಾದ್ದರಿಂದ ಅದನ್ನು ಒಮ್ಮೆ ನಕಲು ಮಾಡಿಕೊಂಡವನು ಅಂಥದ್ದೇ ಇನ್ನೊಂದು ಕಾರ್ಡ್ ತಯಾರಿಸಬಲ್ಲ. ಚಿಪ್ ಮಾತ್ರ ಪ್ರತಿ ವ್ಯವಹಾರಕ್ಕೂ ಹೊಸದೊಂದು ಸಂಕೇತವನ್ನು ಹುಟ್ಟಿಸುವುದರಿಂದ, ಈ ಸಲದ್ದನ್ನು ಕದ್ದರೂ ಮುಂದಿನ ಸಲಕ್ಕೆ ಅದು ಉಪಯೋಗಕ್ಕೆ ಬಾರದು. ಇಷ್ಟು ನನಗೆ ತಿಳಿದಿತ್ತು. ಆದರೆ ಹಳೆಯ ಮೆಷಿನ್‌ಗಳಲ್ಲೂ ನಡೆಯಲೆಂದು ಹೊಸ ಕಾರ್ಡಿನ ಬೆನ್ನ ಮೇಲೂ ಅದೇ ಕಪ್ಪು ಪಟ್ಟಿಯನ್ನು ಉಳಿಸಿದ್ದಾರೆ ಎಂಬುದರ ಕಡೆಗೆ ನನ್ನ ಗಮನವೇ ಹೋಗಿರಲಿಲ್ಲ.

ಅಂಗಡಿಯಲ್ಲಿ ಹಬ್ಬದ ನೂಕುನುಗ್ಗಲು. ಗಲ್ಲಾದ ಹುಡುಗ ಕಾರ್ಡನ್ನು ಮೆಷಿನ್‌ಗೆ ಸಿಕ್ಕಿಸಿ ತೆಗೆದು, "ಚಿಪ್ ಹಿಡೀತಿಲ್ಲ ಸಾರ್" ಎಂದು ತನ್ನ ಅಂಗಿಗೆ ಒರೆಸಿಕೊಂಡು, ಮೇಜಿನ ಕೆಳಗೊಮ್ಮೆ ಕೈ ಆಡಿಸಿ, ಆಮೇಲೆ ಕಪ್ಪು ಪಟ್ಟಿಯನ್ನು ಮೆಷಿನ್ನಿನ ಪಕ್ಕದ ಸಂದಿಯಲ್ಲಿ ಉಜ್ಜಿದ. ವೈರು ಮೋಟಾಗಿದ್ದುದರಿಂದ ಮೆಷಿನ್ ನನ್ನ ಕಡೆಗೆ ಬರಲಿಲ್ಲ. "ಪಿನ್ ಹೇಳ್ಬಿಡಿ ಸಾರ್" ಎಂದ. ಹಿಂದೆ ಜನ ಕಾಯುತ್ತಿದ್ದಾರೆಂಬ ಸಂಕೋಚದಿಂದ ನಾಲ್ಕು ಅಂಕಿಗಳನ್ನೂ ಹೇಳಿದೆ. ಆತನೇ ನಕಲು ಮಾಡಿದನೆಂಬುದಕ್ಕೆ ನನ್ನಲ್ಲಿ ಪುರಾವೆಯಿಲ್ಲ. ಆ ತಿಂಗಳು ಆ ಕಾರ್ಡನ್ನು ಬೇರೆಲ್ಲೂ ಬಳಸಿರಲಿಲ್ಲ ಎಂಬುದಷ್ಟೇ ಸತ್ಯ.

ನಾಲ್ಕನೆಯ ದಿನ ಬೆಳಗ್ಗೆ ಅಮಾನಿಕೆರೆಗೆ ವಾಕಿಂಗ್ ಹೊರಟಾಗ ಮೊಬೈಲಿನಲ್ಲಿ ಎರಡು ಸಂದೇಶಗಳಿದ್ದವು. ರಾತ್ರಿ 11 ಗಂಟೆ 52 ನಿಮಿಷಕ್ಕೆ ಇಪ್ಪತ್ತು ಸಾವಿರ, 12 ಗಂಟೆ 5 ನಿಮಿಷಕ್ಕೆ ಮತ್ತೆ ಇಪ್ಪತ್ತು ಸಾವಿರ, ಎರಡೂ ಬೇರೆ ರಾಜ್ಯದ ಎಟಿಎಂನಲ್ಲಿ. ದಿನದ ಮಿತಿ ನಡುರಾತ್ರಿ ಹೊಸದಾಗುವುದರಿಂದ ಕಳ್ಳರು ಆ ಹೊತ್ತನ್ನೇ ಕಾಯುತ್ತಾರೆಂದು ಬ್ಯಾಂಕಿನವರು ವಿವರಿಸಿದರು. ಮೊದಲ ಸಂದೇಶ ಬಂದಾಗಲೇ ಎಚ್ಚರವಿದ್ದು ಕಾರ್ಡನ್ನು ಬ್ಲಾಕ್ ಮಾಡಿಸಿದ್ದರೆ ಎರಡನೆಯದು ಉಳಿಯುತ್ತಿತ್ತು.

ನಡೆದದ್ದನ್ನು ನಡೆದ ಹಾಗೆಯೇ ದೂರಿನಲ್ಲಿ ಬರೆದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ಗ್ರಾಹಕನದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಮೂರನೆಯವರಿಂದ ಹಣ ಹೋದಾಗ, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕನ ಮೇಲೆ ಬೀಳುವುದಿಲ್ಲ. ಆದರೆ ಪಿನ್ ಹೇಳಿಕೊಟ್ಟಂಥ ನಿರ್ಲಕ್ಷ್ಯವಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಗ್ರಾಹಕನದೇ. ನನಗೆ ಒಂದು ರೂಪಾಯಿಯೂ ಮರಳಲಿಲ್ಲ. ನಿಯಮ ಹಾಗಿದೆ, ಒಪ್ಪುತ್ತೇನೆ. ಆದರೆ ಪಿನ್ ಕೇಳುವುದನ್ನೇ ರೂಢಿ ಮಾಡಿಕೊಂಡ ಅಂಗಡಿಯವರಿಗೆ ಯಾವ ಹೊಣೆಯೂ ಇಲ್ಲದಿರುವುದು ನನಗೆ ಇಂದಿಗೂ ಸರಿಕಾಣುವುದಿಲ್ಲ.

ದಯವಿಟ್ಟು ಕಾರ್ಡನ್ನು ಕಣ್ಣೆದುರೇ ಇಟ್ಟುಕೊಳ್ಳಿ, ಪಿನ್ನನ್ನು ನೀವೇ ಕೈ ಮರೆಮಾಡಿ ಒತ್ತಿ. ಮುಟ್ಟಿಸಿದರೆ ಸಾಕು ಎನ್ನುವ ಕಾರ್ಡುಗಳಲ್ಲಿ 2021ರ ಜನವರಿಯಿಂದ ಐದು ಸಾವಿರದವರೆಗೆ ಪಿನ್ ಇಲ್ಲದೆಯೇ ಹಣ ಹೋಗಬಹುದು. ಬೇಡವಾದರೆ ಬ್ಯಾಂಕಿನ ಆ್ಯಪ್‌ನಲ್ಲಿ ಆ ಸೌಲಭ್ಯವನ್ನು ನಿಲ್ಲಿಸಬಹುದು. ಹಣ ಹೋದ ಕೂಡಲೇ ಬ್ಯಾಂಕಿಗೂ ಸೈಬರ್ ಅಪರಾಧದ 1930 ಸಹಾಯವಾಣಿಗೂ ಕರೆ ಮಾಡಿ.

ಕಳೆದ ತಿಂಗಳು ಬಿ.ಎಚ್. ರಸ್ತೆಯ ಪೆಟ್ರೋಲ್ ಬಂಕಿನಲ್ಲಿ ಮತ್ತೆ ಅದೇ ಮಾತು ಕೇಳಿದೆ: "ಚಿಪ್ ಹಿಡೀತಿಲ್ಲ, ಉಜ್ಜಲಾ ಸಾರ್?" ಬೇಡವೆಂದು ಹೇಳಿ, ಕಾರ್ಡನ್ನು ವಾಪಸ್ಸು ಪಡೆದು, ಕರವಸ್ತ್ರದಿಂದ ಚಿಪ್ ಒರೆಸಿ ನಾನೇ ಸಿಕ್ಕಿಸಿದೆ. ಎರಡನೆಯ ಸಲಕ್ಕೆ ಹಿಡಿಯಿತು.