ಆನೆಗೊಂದಿಗೆ ಪ್ಯಾಕೇಜ್ ಅಂತ ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಹಂಪಿ, ಆನೆಗೊಂದಿ ಕಡೆ ಹೋಗುವ ಯೋಚನೆ ಇರುವವರು ದಯವಿಟ್ಟು ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ. ಎರಡು ವಾರ ಸುಮ್ಮನಿದ್ದೆ. ನಿನ್ನೆ ನಮಗೆ ಪ್ಯಾಕೇಜ್ ಮಾರಿದ ಅದೇ ಮನುಷ್ಯ "ಮೇಡಂ, ಫೈವ್ ಸ್ಟಾರ್ ಹಾಕಿ ಸಪೋರ್ಟ್ ಮಾಡಿ" ಅಂತ ಮೆಸೇಜ್ ಕಳಿಸಿದ. ಆಮೇಲೆ ತಡೆಯೋಕೆ ಆಗಲಿಲ್ಲ.

ನಾನು ಹುಟ್ಟಿದ್ದು ಹರಿಹರದಲ್ಲಿ. ತುಂಗಭದ್ರೆಯನ್ನ ನೋಡಿಕೊಂಡೇ ಬೆಳೆದವಳು. ಸ್ಕೂಲ್ ಟ್ರಿಪ್ ಸೇರಿಸಿದರೆ ಹಂಪಿಗೆ ನಾಲ್ಕು ಸಲ ಹೋಗಿದ್ದೇನೆ. ಅಂಥವಳಿಗೆ ಅದೇ ನದಿ ದಡದಲ್ಲಿ ನಿಲ್ಲಿಸಿ ಟೋಪಿ ಹಾಕಿದರು. ಹೊರಗಿನವರು ಮೋಸ ಹೋದರೆ ಅಯ್ಯೋ ಪಾಪ ಅನ್ನಬಹುದು, ನನಗೆ ಏನಂತೀರಿ?

ಡಿಸೆಂಬರ್ ರಜೆಯಲ್ಲಿ ಹೊರಟಿದ್ದು ಮುಖ್ಯವಾಗಿ ನಮ್ಮತ್ತೆಗೋಸ್ಕರ. ಅವರಿಗೆ ಎಪ್ಪತ್ತೆರಡು ವರ್ಷ. ನವಬೃಂದಾವನ ನೋಡಬೇಕು ಅಂತ ಎಷ್ಟೋ ವರ್ಷದಿಂದ ಹೇಳುತ್ತಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಆನೆಗೊಂದಿ ಹತ್ತಿರ ನದಿ ನಡುವೆ ಒಂದು ಗಡ್ಡೆ ಇದೆ, ಅಲ್ಲಿ ಒಂಬತ್ತು ಯತಿಗಳ ಬೃಂದಾವನಗಳು, ಅಂದರೆ ಸಮಾಧಿಗಳು ಇವೆ. ನಡುವೆ ಇರುವುದು ವ್ಯಾಸರಾಯರದು, ಪುರಂದರದಾಸರ ಗುರುಗಳು. ನೀರಿದ್ದಾಗ ದೋಣಿ ಇಲ್ಲದೆ ಹೋಗೋಕಾಗಲ್ಲ. ಮಗನಿಗೆ ಹರಿಗೋಲು ಹತ್ತಬೇಕಿತ್ತು, ನಮ್ಮ ಯಜಮಾನರಿಗೆ ಅಂಜನಾದ್ರಿಯ 575 ಮೆಟ್ಟಿಲು ಹತ್ತುವ ಹುಮ್ಮಸ್ಸು. ಅವರು ಒಂದೇ ಮಾತು ಹೇಳಿದ್ದರು: "ಏನೂ ಬುಕ್ ಮಾಡಬೇಡ, ಹೊಸಪೇಟೆಗೆ ಹೋಗಿ ಒಂದು ಆಟೋ ಹಿಡಿಯೋಣ, ದೋಣಿಯವರನ್ನ ಅಲ್ಲೇ ಕೇಳೋಣ." ನಾನು ಕೇಳಬೇಕಲ್ಲ. ವಯಸ್ಸಾದವರು ಜೊತೆಗಿದ್ದಾರೆ, ಎಲ್ಲ ಮೊದಲೇ ಗೊತ್ತಾಗಿದ್ದರೆ ಒಳ್ಳೇದು ಅಂದೆ.

ಫೋನಲ್ಲಿ ಸಿಕ್ಕಿದ ಪ್ಯಾಕೇಜು. ತಲೆಗೆ 1,850 ರೂಪಾಯಿ, ನಾಲ್ಕು ಜನಕ್ಕೆ 7,400. ಹತ್ತು ವರ್ಷದ ಹುಡುಗನಿಗೂ ಪೂರ್ತಿ ಚಾರ್ಜು. ಕಾರು, ಗೈಡು, ಅಂಜನಾದ್ರಿ, ಆನೆಗೊಂದಿ ಊರು, ಸಾಣಾಪುರ ಕೆರೆಯಲ್ಲಿ ಹರಿಗೋಲು, ಮತ್ತೆ "ನವಬೃಂದಾವನ ದರ್ಶನ". ಈ ದರ್ಶನ ಅನ್ನೋ ಪದ ನೆನಪಿಟ್ಟುಕೊಳ್ಳಿ. 5,000 ಅಡ್ವಾನ್ಸ್ ಹಾಕಿದೆ. ಉಳಿದ 2,400 ಬೆಳಿಗ್ಗೆ ಕಾರು ಹತ್ತುವ ಮುಂಚೆಯೇ ಇಸ್ಕೊಂಡರು. ಪೂರ್ತಿ ದುಡ್ಡು ಕೈಗೆ ಬಂದ ಮೇಲೆ ಮಾತಿನ ಧಾಟಿಯೇ ಬದಲಾಯಿತು, ಅದನ್ನಾದರೂ ಅಲ್ಲೇ ಗಮನಿಸಬೇಕಿತ್ತು.

ಗೈಡ್ ಅಂತ ಬಂದ ಹುಡುಗನ ಕೊರಳಲ್ಲಿ ಕಾರ್ಡು ಇರಲಿಲ್ಲ. ಯಾವ ಸಿನಿಮಾ ಹಾಡು ಯಾವ ಬಂಡೆ ಮೇಲೆ ಶೂಟಿಂಗ್ ಆಯ್ತು ಅನ್ನೋದು ಬಿಟ್ಟು ಅವನಿಗೆ ಬೇರೆ ಏನೂ ಗೊತ್ತಿರಲಿಲ್ಲ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಇಲ್ಲಿ ಬುಟ್ಟಿಯ ಹಾಗೆ ದುಂಡಗಿರೋ ದೋಣಿಯಲ್ಲಿ ಜನ ಆನೆಗೊಂದಿಗೆ ದಾಟುತ್ತಾರೆ, ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ಕುದುರೆ ಎತ್ತುಗಳನ್ನೂ ಸಾಗಿಸುತ್ತಾರೆ ಅಂತ ಬರೆದಿದ್ದಾನೆ. ಅದನ್ನ ಮಗನಿಗೆ ನಾನೇ ಹೇಳಬೇಕಾಯ್ತು. ಹುಡುಗ "ಹೌದಾ ಮೇಡಂ?" ಅಂದ.

ಈಗ ಅಸಲಿ ವಿಷಯಕ್ಕೆ ಬರುತ್ತೇನೆ.

ಅತ್ತೆ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಬೃಂದಾವನಕ್ಕೆ ನಮಸ್ಕಾರ ಆದಮೇಲೇ ತಿನ್ನೋದು ಅಂತ. ಬಾಳೆ ಎಲೆಯಲ್ಲಿ ಸುತ್ತಿ ತುಳಸಿ ಮಾಲೆ, ಸ್ಟೀಲ್ ಡಬ್ಬಿಯಲ್ಲಿ ಒಗ್ಗರಣೆ ಅವಲಕ್ಕಿ, ಎರಡನ್ನೂ ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದರು. ಆನೆಗೊಂದಿ ದಾಟಿ ನದಿ ದಡಕ್ಕೆ ಬಂದೆವು. ಹುಡುಗ ಇಳಿದು ಯಾರಿಗೋ ಫೋನ್ ಮಾಡಿದ ಹಾಗೆ ಮಾಡಿ ವಾಪಸ್ ಬಂದ. "ಮೇಡಂ, ಡ್ಯಾಂ ಗೇಟ್ ತೆಗೆದಾರಂತ್ರಿ. ದೋಣಿ ಬಂದ್. ಅಗೋ ಅಲ್ಲಿ ಕಂಬ ಕಾಣ್ತಾವಲ್ರಿ, ಅದೇ. ಇಲ್ಲಿಂದನೇ ಕೈ ಮುಗೀರಿ, ಎಲ್ಲಾರೂ ಹಂಗ ಮಾಡ್ತಾರ."

ಡಿಸೆಂಬರ್ ಕೊನೇ ವಾರದಲ್ಲಿ ಡ್ಯಾಂ ಗೇಟು! ಮಳೆಗಾಲದಲ್ಲಿ ಹೇಳಿದ್ದರೆ ಒಪ್ಪುವ ಮಾತು. ನೀರು ಬಿಟ್ಟರೆ ಹಂಪಿಯಲ್ಲಿ ಹೊಳೆ ದಡದ ಪುರಂದರ ಮಂಟಪವೇ ಮುಳುಗುತ್ತದೆ, ದೋಣಿ ನಿಲ್ಲಿಸಲೇಬೇಕು. ಚಳಿಗಾಲದಲ್ಲಿ ನೀರು ಹೋಗೋದು ನಾಲೆಗೆ, ಹೊಳೆಗಲ್ಲ. ಎದುರಿಗೆ ಹೊಳೆ ತಣ್ಣಗೆ, ಬಂಡೆಗಳ ಬುಡ ಕಾಣೋ ಹಾಗೆ ಹರಿಯುತ್ತಿತ್ತು. ಕಣ್ಣಿಗೆ ಕಾಣುತ್ತಿದೆ, ಆದರೂ "ಛೇ, ಹೌದಾ" ಅಂದೆ ನಾನು. ಹರಿಹರದವಳು!

ಅತ್ತೆ ಒಂದು ಮಾತೂ ಆಡಲಿಲ್ಲ. ಚಪ್ಪಲಿ ಬಿಟ್ಟು, ಆ ಕಂಬಗಳ ಕಡೆ ತಿರುಗಿ ಐದು ನಿಮಿಷ ಕಣ್ಣು ಮುಚ್ಚಿ ಏನೋ ಹೇಳಿಕೊಂಡರು. ಮಾಲೆಯನ್ನ ನೀರಿಗೆ ಬಿಟ್ಟರು. ಆಮೇಲೆ ಊರಿಗೆ ವಾಪಸ್ ಬಂದು ಮಿರ್ಚಿ ಅಂಗಡಿ ಮುಂದಿನ ಕಲ್ಲಿನ ಮೇಲೆ ಕೂತು ಡಬ್ಬಿ ತೆಗೆದರು. ನಾವು ಮಿರ್ಚಿ ತಿನ್ನುತ್ತಿದ್ದೆವು, ಅವರು ಅವಲಕ್ಕಿ.

ಅಷ್ಟರಲ್ಲಿ ಒಂದು ಟೆಂಪೋ ಬಂತು. ಒದ್ದೆ ಪಂಚೆ, ಹಣೆಗೆ ಅಂಗಾರ ಅಕ್ಷತೆ, ಕೈಯಲ್ಲಿ ಮಂತ್ರಾಕ್ಷತೆ ಪೊಟ್ಟಣ. ಅದರಿಂದ ಇಳಿದ ಒಬ್ಬ ಅಮ್ಮನನ್ನ ಅತ್ತೆ "ಎಲ್ಲಿಂದ ಬಂದ್ರಿ?" ಅಂತ ಕೇಳಿದರು. "ಬೃಂದಾವನದಿಂದ, ಈಗ ದೋಣಿ ಇಳಿದು ಬರ್ತಾ ಇದೀವಿ. ನಿಮ್ಮದು ಆಯ್ತಾ?" ಅತ್ತೆ ಆ ಕಂಬಗಳ ವಿಷಯ ಹೇಳಿದರು. ಆ ಅಮ್ಮ ಒಂದು ಕ್ಷಣ ಸುಮ್ಮನಾಗಿ, ಮೆಲ್ಲಗೆ "ಅದು ಅರವತ್ನಾಲ್ಕು ಕಂಬದ ಮಂಟಪ ಅಲ್ವೇನ್ರೀ? ಕೃಷ್ಣದೇವರಾಯನ ಸಮಾಧಿ ಅಂತಾರಲ್ಲ ಅದು" ಅಂದರು.

ಅತ್ತೆ ಕೈಯಲ್ಲಿ ಅವಲಕ್ಕಿ ತುತ್ತು ಹಾಗೇ ನಿಂತಿತ್ತು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ತಿರುಗಿ ನೋಡಿದರೆ ಗೈಡ್ ಹುಡುಗ ಕಾರಿನ ಆಚೆ ಕಡೆ ಫೋನಲ್ಲಿ ಮಾತಾಡುತ್ತಿದ್ದಾನೆ. ಈ ಸಲ ನಿಜವಾಗಲೂ ಫೋನು ಬಂದಿತ್ತು ಅಂತ ಕಾಣುತ್ತೆ.

ಜಗಳ ಆಡಿದೆವು. "ಓನರ್‌ಗೆ ಕೇಳ್ರಿ" ಅಂದ. ಈಗಲಾದರೂ ದೋಣಿ ಹತ್ತಿಸು ಅಂದರೆ "ಅದರ ಚಾರ್ಜ್ ನಮ್ಮದರಾಗ ಇಲ್ರಿ" ಅಂದ. ಗೇಟ್ ತೆಗೆದಿದ್ದು ಎಲ್ಲಿಗೆ ಹೋಯ್ತೋ. ನಾವೇ ಹೋಗೋಣ ಅಂದರೆ ಅತ್ತೆ ಬೇಡ ಅಂದುಬಿಟ್ಟರು. ಊಟ ಆಗಿದೆ, ಮೈಲಿಗೆ, ಇನ್ನೊಂದು ಸಲ ಅಂತ.

ಸಾಣಾಪುರದಲ್ಲಿ ಇನ್ನೊಂದು. ಹರಿಗೋಲು ಎರಡು ಸುತ್ತು ಗಿರಗಿರ ತಿರುಗಿಸಿ ದಡಕ್ಕೆ ತಂದರು. ಲೈಫ್ ಜಾಕೆಟ್ಟಿನ ಬಕಲ್ ಮುರಿದಿತ್ತು, ಮಗನಿಗೆ ದಾರ ಕಟ್ಟಿ ಹಾಕಿದರು. ಬಂಡೆಯಿಂದ ನೀರಿಗೆ ಹಾರಿ ಜೀವ ಕಳೆದುಕೊಂಡವರ ಸುದ್ದಿ ಓದಿದ ಜಾಗ ಅದು, ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಇಳಿದ ಮೇಲೆ ಹುಟ್ಟು ಹಾಕಿದ ಅಜ್ಜ "ಅಕ್ಕಾರ, ರೊಕ್ಕ?" ಅಂದರು. ಪ್ಯಾಕೇಜಲ್ಲಿ ಕೊಟ್ಟಿದ್ದೇವೆ ಅಂದೆ. "ನನಗ ಯಾರ್ ಕೊಟ್ಟಾರವ್ವ?" ಅಂದು ಹುಡುಗನ ಕಡೆ ನೋಡಿದರು. ಅವನು ಕೆರೆ ನೋಡುತ್ತಿದ್ದ. ಅಜ್ಜನಿಗೆ ನಾವೇ ಕೊಟ್ಟೆವು. ಅವರ ತಪ್ಪೇನಿದೆ?

ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಕೂತು ಓನರ್‌ಗೆ ಮೆಸೇಜ್ ಮಾಡಿದೆ. ಉತ್ತರಗಳು ಇದ್ದ ಹಾಗೇ ಇಲ್ಲಿ ಹಾಕುತ್ತಿದ್ದೇನೆ.

"ಹುಡುಗ ಹೊಸಬ ಮೇಡಂ."

"ಲಿಸ್ಟ್ ನೋಡಿ ಮೇಡಂ. ದರ್ಶನ ಅಂತ ಇದೆ. ದೋಣಿ ಅಂತ ಎಲ್ಲಿದೆ?"

ದರ್ಶನವೂ ಆಗಿಲ್ಲ, ಬೇರೆ ಮಂಟಪ ತೋರಿಸಿ ಕೈ ಮುಗಿಸಿದ್ದೀರಿ ಅಂದೆ. ಅದಕ್ಕೆ: "ದೇವರು ಎಲ್ಲಾ ಕಡೆ ಇದ್ದಾನೆ ಮೇಡಂ. ಭಕ್ತಿ ಮುಖ್ಯ."

ಭಕ್ತಿ ಮುಖ್ಯವಂತೆ. 7,400 ರೂಪಾಯಿ ತಗೊಂಡು ಭಕ್ತಿ ಮುಖ್ಯವಂತೆ! ದುಡ್ಡು ವಾಪಸ್ ಕೇಳಿದ್ದಕ್ಕೆ ಮುಂದಿನ ಸಲ ಇಪ್ಪತ್ತು ಪರ್ಸೆಂಟ್ ಡಿಸ್ಕೌಂಟ್ ಕೊಡುತ್ತಾನಂತೆ. ಮುಂದಿನ ಸಲ! ಆಮೇಲೆ ಉತ್ತರವೇ ಇಲ್ಲ, ನಿನ್ನೆ ಫೈವ್ ಸ್ಟಾರ್ ಕೇಳುವವರೆಗೆ.

ಹಂಪಿ, ಆನೆಗೊಂದಿ ಬಗ್ಗೆ ನನಗೆ ಒಂದು ಚೂರೂ ಬೇಸರವಿಲ್ಲ. ದೋಣಿ, ಆಟೋ ಎಲ್ಲಾ ಅಲ್ಲೇ ಸಿಗುತ್ತವೆ, ರೇಟು ಎದುರಿಗೇ ಕೇಳಿ ಹತ್ತಿ. ಗೈಡ್ ಬೇಕಾದರೆ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರುವವರನ್ನ ಹಿಡಿಯಿರಿ. ಪೂರ್ತಿ ದುಡ್ಡು ಬೆಳಿಗ್ಗೆಯೇ ಕೊಡಬೇಡಿ. ದೋಣಿ ಬಂದ್ ಅಂದರೆ ಹತ್ತು ಹೆಜ್ಜೆ ನಡೆದು ಇನ್ನೊಬ್ಬರನ್ನ ಕೇಳಿ, ನಾನು ಆ ಹತ್ತು ಹೆಜ್ಜೆ ನಡೆಯಲಿಲ್ಲ. ನಮ್ಮ ಯಜಮಾನರು ಇವತ್ತಿನವರೆಗೆ "ನಾನು ಹೇಳಿರಲಿಲ್ವಾ" ಅಂದಿಲ್ಲ, ಅದು ಇನ್ನೂ ಜಾಸ್ತಿ ಚುಚ್ಚುತ್ತೆ.

ಅತ್ತೆ ಮಾಘ ಮಾಸದಲ್ಲಿ ಮತ್ತೆ ಹೋಗೋಣ ಅಂತಿದ್ದಾರೆ. ಇತ್ತೀಚೆಗೆ ಹೋಗಿ ಬಂದವರು ಯಾರಾದರೂ ಇದ್ದರೆ, ಬೆಳಿಗ್ಗೆ ಮೊದಲ ದೋಣಿ ಎಷ್ಟು ಗಂಟೆಗೆ ಹೊರಡುತ್ತೆ ಅಂತ ಹೇಳಿ.