ಶಹಾಬಾದ್ ಫರಸಿಯ ಅಂಗಳದಲ್ಲಿ ಗಾಲ್ಫ್: ಹೊಸಬರ ಕಿಟ್ ಒಂದರ ಏಳು ತಿಂಗಳ ಅನುಭವ

2021ರ ಆಗಸ್ಟ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದ ಅಂತರದಿಂದ ಪದಕ ಕಳೆದುಕೊಂಡು 4ನೆಯವರಾದ ದಿನದಿಂದ ನನಗೆ ಗಾಲ್ಫ್ ಕಲಿಯುವ ಹಂಬಲವಿತ್ತು. ಆದರೆ ಅಭ್ಯಾಸಕ್ಕೆಂದು ಕಲಬುರಗಿಯಿಂದ ವಾರವಾರವೂ ಹೈದರಾಬಾದಿಗೆ ಹೋಗಿಬರುವುದು ನೌಕರಿಯಲ್ಲಿರುವವರಿಗೆ ಆಗದ ಮಾತು. ಹಾಗಾಗಿ ಕಳೆದ ದೀಪಾವಳಿಯ ಹೊತ್ತಿಗೆ ಆನ್‌ಲೈನ್‌ನಲ್ಲಿ 7 ಕ್ಲಬ್‌ಗಳ (ಚೆಂಡು ಹೊಡೆಯುವ ಕೋಲುಗಳ) ಹಾಫ್ ಸೆಟ್, ಹೊಡೆಯುವ ಮ್ಯಾಟ್, ಬಲೆ ಮತ್ತು ಒಂದು ಡಜನ್ ಚೆಂಡುಗಳಿರುವ ಕಿಟ್ ತರಿಸಿದೆ. ಬೆಲೆ ಸುಮಾರು 18 ಸಾವಿರ ರೂಪಾಯಿ.

ಕ್ಲಬ್‌ಗಳ ಬಗ್ಗೆ ನನಗೆ ದೂರಿಲ್ಲ. ನಿಯಮದಂತೆ ಆಟಗಾರನೊಬ್ಬ 14 ಕ್ಲಬ್‌ಗಳವರೆಗೆ ಒಯ್ಯಬಹುದಾದರೂ, ಕಲಿಯುವವರಿಗೆ ಮೊದಲ ಕೆಲವು ತಿಂಗಳು 7ನೇ ನಂಬರಿನ ಐರನ್ (ಲೋಹದ ಚಪ್ಪಟೆ ತಲೆಯ ಕ್ಲಬ್) ಒಂದಿದ್ದರೆ ಸಾಕೆಂಬುದು ನನ್ನ ಅನುಭವ. ಅದರ ಮುಖ ಹಿಂದಕ್ಕೆ ವಾಲಿಕೊಂಡಿರುವುದರಿಂದ ಚೆಂಡನ್ನು ಮೇಲೆತ್ತುವ ಕೆಲಸವನ್ನು ಅದೇ ಮಾಡುತ್ತದೆ. ಇಷ್ಟು ವರ್ಷ ಕ್ರಿಕೆಟ್ ಆಡಿದ ನಾನು ಚೆಂಡನ್ನು ಕೆಳಗಿನಿಂದ ಎತ್ತಲು ಹೋಗಿ ಮತ್ತೆಮತ್ತೆ ಅದರ ನೆತ್ತಿಗೆ ಹೊಡೆಯುತ್ತಿದ್ದೆ. ಕ್ಲಬ್ ಇಳಿಯುತ್ತ ಬಂದು ಮೊದಲು ಚೆಂಡಿಗೆ, ಆಮೇಲೆ ನೆಲಕ್ಕೆ ತಾಗಬೇಕೆಂಬುದು ಮೈಗೆ ಒಗ್ಗಲು ಎರಡು ತಿಂಗಳು ಹಿಡಿಯಿತು.

ನಿಜವಾದ ಕೊರತೆಯಿರುವುದು ಮ್ಯಾಟ್‌ನಲ್ಲಿ. ಅದು ತೀರ ತೆಳುವಾಗಿದ್ದು, ಅಡಿಯಲ್ಲಿ ಶಹಾಬಾದ್ ಫರಸಿ ಇರುವ ನಮ್ಮಂಥ ಅಂಗಳದಲ್ಲಿ ಪ್ರತಿ ಹೊಡೆತದ ಪೆಟ್ಟೂ ನೇರವಾಗಿ ಮಣಿಕಟ್ಟಿಗೆ ಬರುತ್ತದೆ. ಹತ್ತೇ ದಿನದಲ್ಲಿ ಎಡಗೈ ಊದಿಕೊಂಡಿತು. ನಾಲ್ಕು ಗೋಣಿಚೀಲಗಳನ್ನು ಮಡಚಿ ಅದರಡಿ ಹಾಸಿದ ಮೇಲೆ ನೋವು ನಿಂತಿತು. ಇಂಥ ಮ್ಯಾಟನ್ನು ಗಟ್ಟಿ ನೆಲದ ಮೇಲೆ ಹಾಗೆಯೇ ಬಳಸಬಾರದೆಂದು ಡಬ್ಬಿಯ ಮೇಲೆ ಬರೆಯಬೇಕಾದದ್ದು ಕಂಪನಿಯ ಕರ್ತವ್ಯವಾಗಿತ್ತು. ಮ್ಯಾಟ್ ಇನ್ನೊಂದು ರೀತಿಯಲ್ಲೂ ಮೋಸ ಮಾಡುತ್ತದೆ: ಕ್ಲಬ್ ಮೊದಲು ನೆಲಕ್ಕೆ ತಾಗಿದರೂ ಜಾರಿ ಮುಂದೆ ಹೋಗಿ ಚೆಂಡನ್ನು ಹೊಡೆಯುವುದರಿಂದ ತಪ್ಪು ಗೊತ್ತಾಗುವುದಿಲ್ಲ. ಚೆಂಡಿನ ಹಿಂದೆ ಒಂದು ಗೇಣು ಬಿಟ್ಟು ಮಡಚಿದ ಟವೆಲ್ ಇಟ್ಟುಕೊಂಡರೆ ಆ ತಪ್ಪು ಒಡನೆಯೇ ತಿಳಿಯುತ್ತದೆ.

ಬಲೆಯೂ ಹೇಳುವುದು ಅಷ್ಟಕ್ಕಷ್ಟೇ. ಚೆಂಡು ಎಲ್ಲಿಗೆ ಹೋಗುತ್ತಿತ್ತೆಂಬುದು ಅದರಿಂದ ತಿಳಿಯದಾದ್ದರಿಂದ ನಾನು ಐರನ್ನಿನ ಮುಖಕ್ಕೆ ತೆಳ್ಳಗೆ ಟಾಲ್ಕಂ ಪೌಡರ್ ಸವರಿ ಹೊಡೆಯಲಾರಂಭಿಸಿದೆ. ಬಿಳಿಯ ಪುಡಿಯ ನಡುವೆ ಚೆಂಡು ತಾಗಿದ ಜಾಗ ನಾಣ್ಯದಷ್ಟಗಲ ಅಳಿಸಿಹೋಗಿರುತ್ತದೆ. ನನ್ನ ಗುರುತುಗಳೆಲ್ಲ ಹಿಡಿಕೆಯ ಕಡೆಗೇ ಬೀಳುತ್ತಿದ್ದವು, ಅಂದರೆ ನಾನು ಚೆಂಡಿಗೆ ತೀರ ಹತ್ತಿರ ನಿಲ್ಲುತ್ತಿದ್ದೆ. ಎರಡು ಬೆರಳಷ್ಟು ಹಿಂದೆ ಸರಿದು ನಿಂತ ಮೇಲೆ ಅವು ನಿಧಾನವಾಗಿ ನಡುವಿಗೆ ಬಂದವು. ಅದನ್ನು ಕಂಡ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಬಲೆಯ ಕಂಬಗಳಿಗೆ ಕೊಟ್ಟ ಕಬ್ಬಿಣದ ಗೂಟಗಳು ಫರಸಿಯಲ್ಲಿ ಇಳಿಯುವುದಿಲ್ಲ. ಹಿತ್ತಲಿನ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಅಲ್ಲಿಯೂ ಅವು ಸಡಿಲವಾಗುತ್ತವೆ. ಗಾಳಿಗೆ ಬಲೆ ಎರಡು ಸಲ ಮಗುಚಿ ಒಂದು ಜೋಡಣೆ ಮುರಿಯಿತು. ಬರೆದು ತಿಳಿಸಿದ ಮೇಲೆ ಕಂಪನಿಯವರು ಹಣ ಕೇಳದೆ ಹೊಸದನ್ನು ಕಳಿಸಿಕೊಟ್ಟರು. ಈಗ ಕಂಬಗಳನ್ನು ಮರಳು ತುಂಬಿದ ಸಿಮೆಂಟ್ ಚೀಲಗಳಿಗೆ ಕಟ್ಟಿದ್ದೇನೆ. ಅಕ್ಕಪಕ್ಕ ಮನೆಗಳಿರುವಲ್ಲಿ ಕಿಟ್‌ನ ಗಟ್ಟಿ ಚೆಂಡುಗಳನ್ನು ದಯವಿಟ್ಟು ಬಳಸಬೇಡಿ, ಫೋಮ್ ಚೆಂಡುಗಳನ್ನೇ ಕೊಳ್ಳಿ.

ಕಿಟ್‌ನಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಪಟ್ಟರ್, ಅಂದರೆ ಚೆಂಡನ್ನು ನೆಲದ ಮೇಲೆ ಕುಳಿಯತ್ತ ಉರುಳಿಸುವ ಕ್ಲಬ್. ಪಾರ್ (ನುರಿತ ಆಟಗಾರನಿಗೆ ಬೇಕಾಗುವ ಹೊಡೆತಗಳ ನಿಗದಿತ ಎಣಿಕೆ) 72 ಇರುವ ಮೈದಾನದಲ್ಲಿ 18 ಕುಳಿಗಳಿಗೆ ತಲಾ 2ರಂತೆ 36 ಹೊಡೆತಗಳನ್ನು ಪಟ್ಟಿಂಗ್‌ಗೆಂದೇ ಎಣಿಸಲಾಗಿರುತ್ತದೆ. ಆಟದ ಅರ್ಧದಷ್ಟಾದ ಈ ಭಾಗವನ್ನು ಮನೆಯ ಪಡಸಾಲೆಯಲ್ಲೇ ಕಲಿಯಬಹುದು. ಫರಸಿಯ ಮೇಲೆ ಚೆಂಡು ನಿಲ್ಲದೆ ಓಡುತ್ತದಾದ್ದರಿಂದ ಜಮಖಾನೆ ಹಾಸಿ, ಕುಳಿಯ ಅಳತೆಯಾದ 108 ಮಿಲಿಮೀಟರ್ ಅಗಲದ ರಟ್ಟಿನ ಬಿಲ್ಲೆಯನ್ನು ಗುರಿಯಾಗಿ ಇಟ್ಟುಕೊಂಡಿದ್ದೇನೆ. ಮೇ ತಿಂಗಳ ಬಿಸಿಲಿನಲ್ಲಿ ಬೆಳಿಗ್ಗೆ ಎಂಟರ ನಂತರ ಅಂಗಳದಲ್ಲಿ ನಿಲ್ಲಲಾಗದೆ ಇಡೀ ತಿಂಗಳು ನಡೆದದ್ದು ಈ ಅಭ್ಯಾಸವೊಂದೇ.

ದೂರದ ಹೊಡೆತಗಳಿಗೆ ಬಳಸುವ ಡ್ರೈವರ್ ಮತ್ತು ಹೈಬ್ರಿಡ್ ಕ್ಲಬ್‌ಗಳು ಇನ್ನೂ ಬ್ಯಾಗಿನಲ್ಲೇ ಇವೆ. ಆದ್ದರಿಂದ ಮೈದಾನ ಹತ್ತಿರವಿಲ್ಲದ ನಮ್ಮ ಕಡೆಯವರು ಪೂರ್ತಿ ಕಿಟ್ ಕೊಳ್ಳುವ ಬದಲು 7ನೇ ಐರನ್, ವೆಜ್ (ಹತ್ತಿರದಿಂದ ಚೆಂಡನ್ನು ಎತ್ತರಕ್ಕೆ ಎತ್ತಿ ಹೊಡೆಯುವ ಕ್ಲಬ್), ಪಟ್ಟರ್ ಮತ್ತು ದಪ್ಪನೆಯ ಮ್ಯಾಟ್ ಒಂದನ್ನು ಬಿಡಿಬಿಡಿಯಾಗಿ ಕೊಳ್ಳುವುದು ಲೇಸು. ಕೊಳ್ಳುವ ಮುನ್ನ ಯಾವ ಕೈಯವರಿಗೆಂದೂ ನೋಡಿಕೊಳ್ಳಿ; ಈ ಕಿಟ್ ಬಲಗೈಯವರಿಗೆ ಮಾತ್ರ ಸಿಗುವುದರಿಂದ ನನ್ನ ತಮ್ಮನ ಮಗಳಿಗೆ ಎಡಗೈಯ ಐರನ್ ಒಂದನ್ನು ಬೇರೆಯಾಗಿ ತರಿಸಬೇಕಾಯಿತು.